ಹಿಂಬದಿಯಲ್ಲಿ ಕುಳಿತವರು ಯಾರು?

ಆಂಬುಲೆನ್ಸ್ ಬಂತೇ ಎಂದು ನಾವೆಲ್ಲರೂ ಕೇಳುತ್ತೇವೆ. ಅದರ ಹಿಂಬದಿಯಲ್ಲಿ ಯಾರು ಕುಳಿತು ಬಂದರು, ಅವರು ಏನು ಕಲಿತವರು, ಅವರ ಪೆಟ್ಟಿಗೆಯಲ್ಲಿ ಏನಿತ್ತು ಎಂದು ಕೇಳುವವರು ನಮ್ಮಲ್ಲಿ ಕಡಿಮೆ. ಬಿಳಿ ವಾಹನ, ನೆತ್ತಿಯ ಮೇಲೆ ತಿರುಗುವ ದೀಪ, ದೂರದಿಂದಲೇ ಕೂಗುವ ಸೈರನ್, ಇಷ್ಟಿದ್ದರೆ ಜೀವ ಉಳಿದಂತೆಯೇ ಎಂದು ನಮ್ಮ ಜನರ ಎಣಿಕೆ. ಈ ಎಣಿಕೆ ಎಷ್ಟರಮಟ್ಟಿಗೆ ಸರಿ ಎಂಬ ವಿಷಯವನ್ನು ಈ ಸಲ ವಾಚಕ ಬಂಧುಗಳ ಮುಂದೆ ಇಡುತ್ತಿದ್ದೇವೆ.

ಗೂಡಲೂರು, ಪಂದಲೂರು, ಕೋತಗಿರಿ ಕಡೆಯ ತೋಟಗಳಲ್ಲಾಗಲಿ, ವಯನಾಡಿನ ಮೇಪ್ಪಾಡಿ, ಮಾನಂದವಾಡಿ ಸುತ್ತಿನ ತೋಟಗಳಲ್ಲಾಗಲಿ ಬಾಳುವವರಿಗೆ ದೊಡ್ಡ ಆಸ್ಪತ್ರೆ ಎಂದರೆ ಘಾಟಿಯ ಆಚೆಯ ಮಾತು. ಲೈನಿನ ಮನೆಯಿಂದ ಡಾಂಬರು ರಸ್ತೆಯವರೆಗೆ ಕಂಬಳಿಯ ಜೋಲಿ, ಅಲ್ಲಿಂದ ಡಿಸ್ಪೆನ್ಸರಿಯವರೆಗೆ ತೋಟದ ಜೀಪು, ಅಲ್ಲಿಂದ ಮುಂದಕ್ಕೆ ದೇವರ ದಯೆ. 1951ರ ತೋಟ ಕಾರ್ಮಿಕರ ಕಾಯ್ದೆ ವೈದ್ಯ ಸೌಲಭ್ಯವನ್ನು ಮಾಲೀಕರ ಹೊಣೆಯನ್ನಾಗಿ ಮಾಡಿತ್ತು. ಆ ಕಾಯ್ದೆ 2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಯೊಳಗೆ ಸೇರಿಹೋಯಿತು. ಹೊಸ ಸಂಹಿತೆಯಲ್ಲಿಯೂ ಕಾರ್ಮಿಕನಿಗೂ ಅವನ ಕುಟುಂಬಕ್ಕೂ ವೈದ್ಯ ಸೌಲಭ್ಯ ಒದಗಿಸಬೇಕು, ಇಲ್ಲವೇ ಇ.ಎಸ್.ಐ. ರಕ್ಷಣೆ ಕೊಡಿಸಬೇಕು ಎಂದಿದೆ. ಕಾಗದದ ಮೇಲೆ ಆಸ್ಪತ್ರೆಯ ಮಾತು ಅಂದೂ ಇತ್ತು, ಇಂದೂ ಇದೆ. ಬಿದ್ದ ಜಾಗಕ್ಕೂ ಆಸ್ಪತ್ರೆಯ ಬಾಗಿಲಿಗೂ ನಡುವಿನ ಎರಡು ಗಂಟೆಯ ಮಾತನ್ನು ಯಾರೂ ವಿವರವಾಗಿ ಆಡುವುದಿಲ್ಲ. ನಮ್ಮ ಜನ ಸಾಯುವುದು ಹೆಚ್ಚಾಗಿ ಆ ಎರಡು ಗಂಟೆಯಲ್ಲಿ.

ಶರೀರಕ್ಕೆ ಘಾಟಿಯ ತಿರುವುಗಳ ಲೆಕ್ಕ ಗೊತ್ತಿಲ್ಲ. ಹೃದಯ ನಿಂತು ನಾಲ್ಕರಿಂದ ಆರು ನಿಮಿಷವಾದರೆ ರಕ್ತ ಕಾಣದ ಮೆದುಳು ಕೆಡಲಾರಂಭಿಸುತ್ತದೆ. ನಾಗರ ಅಥವಾ ಕಟ್ಟುಹಾವು ಕಚ್ಚಿದವನ ರೆಪ್ಪೆ ಇಳಿದು, ನಾಲಿಗೆ ತೊದಲಿ, ಕಡೆಗೆ ಉಸಿರೆಳೆಯುವ ಸ್ನಾಯುಗಳೇ ಸೋತುಹೋಗುತ್ತವೆ. ವಿಷಕ್ಕೆ ಮದ್ದು ಆಸ್ಪತ್ರೆಯಲ್ಲಿದೆ, ಸರಿ. ಅಲ್ಲಿಯವರೆಗೆ ಅವನ ಪರವಾಗಿ ಉಸಿರಾಡಿಸುವವರು ಒಬ್ಬರು ಬೇಡವೇ? ಸಿಲ್ವರ್ ಮರದ ಕೊಂಬೆ ಕಡಿಯುವಾಗ ಬಿದ್ದವನನ್ನು ನಾಲ್ಕು ಜನ ಕೈಕಾಲು ಹಿಡಿದೆತ್ತಿ ಜೀಪಿಗೆ ಹಾಕುವಷ್ಟರಲ್ಲಿ, ಅಲ್ಲಿಯವರೆಗೆ ಕೆಡದೆ ಉಳಿದಿದ್ದ ಬೆನ್ನುಹುರಿ ಕೆಟ್ಟುಹೋಗಬಹುದು. ಹೆಜ್ಜೇನು ಕಡಿದು ಗಂಟಲು ಬಿಗಿದ ಹೆಂಗಸಿಗೆ ತೊಡೆಯ ಸ್ನಾಯುವಿನೊಳಗೆ ಒಂದು ಅಡ್ರಿನಲಿನ್ ಚುಚ್ಚುಮದ್ದು ಆ ನಿಮಿಷದಲ್ಲಿ ಬೇಕು. ಆ ಔಷಧದ ಬೆಲೆ ಏನೂ ಹೆಚ್ಚಲ್ಲ. ಅದನ್ನು ಗುರುತಿಸಿ, ಅಳೆದು, ಹೆದರದೆ ಚುಚ್ಚುವ ಕೈಗೆ ಬೆಲೆ.

ಇಂಥ ಕೈಯುಳ್ಳವರಿಗೆ ಪ್ಯಾರಾಮೆಡಿಕ್ ಎಂದು ಹೆಸರು. ಅವರಲ್ಲಿಯೂ ಮೆಟ್ಟಿಲುಗಳಿವೆ. ರಕ್ತ ಕಟ್ಟಿ, ಮುರಿದ ಎಲುಬಿಗೆ ಪಟ್ಟಿ ಹಾಕಿ, ಆಮ್ಲಜನಕ ಕೊಟ್ಟು, ಎದೆ ಒತ್ತಿ ಉಸಿರು ನಡೆಸುವುದು ಮೊದಲ ಮೆಟ್ಟಿಲು. ಮೇಲಿನ ಮೆಟ್ಟಿಲಿನವರು ಗಂಟಲಿನೊಳಗೆ ನಳಿಕೆ ಇಳಿಸಿ ಉಸಿರ ದಾರಿ ಕಾಯುತ್ತಾರೆ. ಹೃದಯದ ಬರಹವನ್ನು ಓದಿ ಇದು ಹೃದಯಾಘಾತವೋ ಅಲ್ಲವೋ ಎಂದು ದಾರಿಯಲ್ಲೇ ಆಸ್ಪತ್ರೆಗೆ ತಿಳಿಸುತ್ತಾರೆ. ತಾಳ ತಪ್ಪಿದ ಹೃದಯಕ್ಕೆ ಡಿಫಿಬ್ರಿಲೇಟರ್ ಎಂಬ ಯಂತ್ರದಿಂದ ವಿದ್ಯುತ್ತಿನ ಪೆಟ್ಟು ಕೊಡುತ್ತಾರೆ. ಎದೆಗೂಡಿನಲ್ಲಿ ಗಾಳಿ ತುಂಬಿ ಶ್ವಾಸಕೋಶ ಕುಸಿದಿದ್ದರೆ ಸೂಜಿ ಚುಚ್ಚಿ ಗಾಳಿ ಬಿಡುತ್ತಾರೆ. ಕೀಟನಾಶಕದ ವಿಷವೇರಿ ಬಾಯಲ್ಲಿ ನೊರೆ ಬರುತ್ತಿದ್ದರೆ ಅಟ್ರೋಪಿನ್ ಕೊಡುತ್ತಾರೆ. ಹೆರಿಗೆಯಾದ ಮೇಲೆ ರಕ್ತ ನಿಲ್ಲದಿದ್ದರೆ ಗರ್ಭಕೋಶ ನೀವಿ, ಅದು ಬಿಗಿಯುವಂತೆ ಮದ್ದು ಕೊಡುತ್ತಾರೆ. ಡಾಕ್ಟರರು ಮೊದಲೇ ಬರೆದಿಟ್ಟ ಕಟ್ಟಳೆಯ ಪ್ರಕಾರ, ಬೇಕಾದರೆ ಫೋನಿನಲ್ಲಿ ಅವರನ್ನು ಕೇಳಿಕೊಂಡು, ಈ ಕೆಲಸ ನಡೆಯುತ್ತದೆ. ಅವರು ಡಾಕ್ಟರರಲ್ಲ, ಡಾಕ್ಟರರ ಕೈಯನ್ನು ರಸ್ತೆಯವರೆಗೆ ಚಾಚುವವರು.

ಈ ವಿದ್ಯೆ ಯಾರ ಕೈಯಲ್ಲಿ ಬೆಳೆಯಿತು ಎಂಬುದು ಕೂಲಿಯಿಂದ ಬಾಳುವ ನಮ್ಮವರು ತಿಳಿದಿರಬೇಕಾದ ಕಥೆ.

ಮೊದಲು ಒಬ್ಬ ಡಾಕ್ಟರರ ಮಾತು. ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ನಗರದ ರಾಯಲ್ ವಿಕ್ಟೋರಿಯ ಆಸ್ಪತ್ರೆಯಲ್ಲಿದ್ದ ಫ್ರಾಂಕ್ ಪ್ಯಾಂಟ್ರಿಡ್ಜ್ ಎಂಬ ಹೃದಯ ವೈದ್ಯರು, ಹೃದಯಾಘಾತವಾದವರಲ್ಲಿ ಬಹಳ ಮಂದಿ ಆಸ್ಪತ್ರೆ ಕಾಣುವ ಮೊದಲೇ ಸಾಯುತ್ತಾರೆಂಬುದನ್ನು ಕಂಡು, 1966ರಲ್ಲಿ ಡಿಫಿಬ್ರಿಲೇಟರನ್ನು ಕಾರಿನ ಬ್ಯಾಟರಿಗೆ ಜೋಡಿಸಿ ಆಂಬುಲೆನ್ಸಿನಲ್ಲಿ ರೋಗಿಯ ಮನೆಗೇ ಒಯ್ದರು. ಆ ಯಂತ್ರದ ತೂಕ ಸುಮಾರು 70 ಕಿಲೋ, ನಮ್ಮ ಲೆಕ್ಕದಲ್ಲಿ ಒಂದು ದೊಡ್ಡ ಮೂಟೆಗಿಂತ ಹೆಚ್ಚು. ಎರಡು ವರ್ಷದಲ್ಲಿ ಅದನ್ನು ಮೂರು ಕಿಲೋಗೆ ಇಳಿಸಿದರು. ಈ ಪ್ಯಾಂಟ್ರಿಡ್ಜ್ ಎರಡನೆಯ ಮಹಾಯುದ್ಧದಲ್ಲಿ ಸಿಂಗಾಪುರದಲ್ಲಿ ಜಪಾನೀಯರ ಸೆರೆಯಾಗಿ ಬರ್ಮಾ ರೈಲು ದಾರಿಯಲ್ಲಿ ಸಾವಿನ ಅಂಚಿಗೆ ಹೋಗಿ ಬಂದವರು. ಮಲಯದ ರಬ್ಬರ್ ತೋಟಗಳಿಂದ ಎಳೆದೊಯ್ದ ತಮಿಳು ಕೂಲಿಗಳು ಸಾವಿರಾರು ಸಂಖ್ಯೆಯಲ್ಲಿ ಹೆಣವಾದದ್ದು ಅದೇ ರೈಲು ದಾರಿಯಲ್ಲಿ. ಇದು ಮಾತಿಗೆ ಬಂದದ್ದರಿಂದ ಹೇಳಿದೆವು.

ಬೆಲ್‌ಫಾಸ್ಟಿನಲ್ಲಿ ಡಾಕ್ಟರರೇ ವಾಹನ ಹತ್ತಿ ಹೋದರು. ಆದರೆ ಪ್ರತಿಯೊಂದು ಊರಿಗೂ ರಾತ್ರಿ ಹಗಲು ವಾಹನ ಹತ್ತುವಷ್ಟು ಡಾಕ್ಟರರು ಯಾವ ದೇಶದಲ್ಲಿದ್ದಾರೆ? ಡಾಕ್ಟರರಲ್ಲದವರಿಗೆ ಇದನ್ನು ಕಲಿಸಲು ಸಾಧ್ಯವೇ ಎಂಬ ಪ್ರಶ್ನೆಗೆ ಉತ್ತರ ಬಂದದ್ದು ಅಮೆರಿಕದ ಪಿಟ್ಸ್‌ಬರ್ಗ್ ಎಂಬ ಉಕ್ಕಿನ ಕಾರ್ಖಾನೆಗಳ ಊರಿನಿಂದ.

ಆಗಿನ ಅಮೆರಿಕದ ಸ್ಥಿತಿ ಕೇಳಿದರೆ ನಮ್ಮವರು ನಂಬಲಾರರು. 1966ರಲ್ಲಿ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಒಂದು ವರದಿ ಹೊರಡಿಸಿತು. 1965ರ ಒಂದೇ ವರ್ಷದಲ್ಲಿ ಅಪಘಾತಗಳಲ್ಲಿ ಸತ್ತವರು 1,07,000 ಮಂದಿ. ದೇಶದ ಆಂಬುಲೆನ್ಸ್ ಸೇವೆಯಲ್ಲಿ ಅರ್ಧದಷ್ಟನ್ನು ನಡೆಸುತ್ತಿದ್ದವರು ಹೆಣ ಸಂಸ್ಕಾರದ ಅಂಗಡಿಯವರು! ಉದ್ದಕ್ಕೆ ಮಲಗಿಸುವ ವಾಹನ ಅವರಲ್ಲಿಯೇ ಇತ್ತು ಎಂಬುದು ಅದಕ್ಕೆ ಕಾರಣ. ಪಿಟ್ಸ್‌ಬರ್ಗಿನಲ್ಲಿ ಆ ಕೆಲಸ ಪೊಲೀಸರದು. ಕಳ್ಳರನ್ನು ಒಯ್ಯುವ ವ್ಯಾನಿನಲ್ಲೇ ರೋಗಿಯನ್ನೂ ಹಾಕಿ ಓಡಿಸುತ್ತಿದ್ದರು. ಹಿಂದೆ ರೋಗಿಯ ಪಕ್ಕದಲ್ಲಿ ಯಾರೂ ಇರುತ್ತಿರಲಿಲ್ಲ. ಆ ಊರಿನ ಮೇಯರ್ ಆಗಿ, ರಾಜ್ಯದ ಗವರ್ನರ್ ಆಗಿ ಮೆರೆದ ಡೇವಿಡ್ ಲಾರೆನ್ಸ್ ಎಂಬವರು 1966ರ ನವೆಂಬರಿನಲ್ಲಿ ಚುನಾವಣಾ ಸಭೆಯೊಂದರಲ್ಲಿ ಕುಸಿದುಬಿದ್ದಾಗ ಅವರಿಗೂ ಸಿಕ್ಕಿದ್ದು ಪೊಲೀಸರ ವಾಹನವೇ. ಆಸ್ಪತ್ರೆಯಲ್ಲಿ ಹೃದಯವೇನೋ ಬಡಿಯಿತು, ಮೆದುಳು ಮರಳಲಿಲ್ಲ. ಕೆಲವೇ ವಾರಗಳಲ್ಲಿ ತೀರಿಕೊಂಡರು.

ಆ ಆಸ್ಪತ್ರೆಯ ಅರಿವಳಿಕೆ ವೈದ್ಯರು ಪೀಟರ್ ಸಫಾರ್. ವಿಯೆನ್ನಾದಲ್ಲಿ 1924ರಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದವರು. ಬಾಯಿಗೆ ಬಾಯಿಟ್ಟು ಉಸಿರೂದುವ ಕ್ರಮವನ್ನು ಪರೀಕ್ಷಿಸಿ ತೋರಿಸಿ, ಎದೆ ಒತ್ತುವುದರೊಡನೆ ಅದನ್ನು ಜೋಡಿಸಿ, ಇಂದು ಲೋಕವೆಲ್ಲ ಕಲಿಯುವ ಜೀವರಕ್ಷಣೆಯ ಪಾಠ ಕಟ್ಟಿದವರಲ್ಲಿ ಮುಖ್ಯರು. ಅದೇ 1966ರಲ್ಲಿ ಅವರ ಎಳೆಯ ಮಗಳು ಉಬ್ಬಸದ ಬಾಧೆಯಿಂದ ತೀರಿಕೊಂಡಳು. ಆಸ್ಪತ್ರೆ ಸೇರುವ ಮೊದಲಿನ ನಿಮಿಷಗಳು ಏನು ಮಾಡುತ್ತವೆ ಎಂದು ಅವರಿಗೆ ಬೇರೆ ಯಾರೂ ಹೇಳಬೇಕಾಗಿರಲಿಲ್ಲ.

ಸಫಾರರು ಆಂಬುಲೆನ್ಸಿನ ಒಳಗನ್ನು ಹೇಗೆ ಜೋಡಿಸಬೇಕು, ಅದರಲ್ಲಿ ಕುಳಿತವನು ಏನೇನು ಕಲಿತಿರಬೇಕು ಎಂದು ನಕ್ಷೆ ಹಾಕಿದರು. ಕಲಿಯುವವರು ಯಾರು? ಊರಿನ ಹಿಲ್ ಡಿಸ್ಟ್ರಿಕ್ಟ್ ಎಂಬ ಬಡ ಕಪ್ಪು ಜನರ ಕೇರಿಯಲ್ಲಿ ಫ್ರೀಡಂ ಹೌಸ್ ಎಂಬ ಸಂಸ್ಥೆಯಿತ್ತು. ಕೇರಿಯ ಮನೆಗಳಿಗೆ ವಾಹನದಲ್ಲಿ ತರಕಾರಿ ಮುಟ್ಟಿಸುವುದು ಅದರ ಕೆಲಸಗಳಲ್ಲೊಂದು. ಫಿಲ್ ಹ್ಯಾಲೆನ್ ಎಂಬವರು ನಡೆಸುತ್ತಿದ್ದ ಧರ್ಮನಿಧಿಯೊಂದು ಮುಂದೆ ಬಂದು ಈ ಎರಡನ್ನೂ ಕೂಡಿಸಿತು. 1967ರಲ್ಲಿ ಆ ಕೇರಿಯ ನಿರುದ್ಯೋಗಿ ಕಪ್ಪು ತರುಣರನ್ನು ಕರೆದು ಪಾಠ ಶುರುಮಾಡಿದರು. ಕೆಲವರು ಹೈಸ್ಕೂಲು ಮುಗಿಸಿದವರಲ್ಲ, ಕೆಲವರು ವಿಯೆಟ್ನಾಂ ಯುದ್ಧದಿಂದ ಮರಳಿದವರು, ಕೆಲವರ ಮೇಲೆ ಹಳೆಯ ಪೊಲೀಸ್ ಕೇಸುಗಳು. ಲೋಕ ಇವರನ್ನು ಯಾವ ಕೆಲಸಕ್ಕೂ ಬಾರದವರೆಂದು ಬರೆದಿಟ್ಟಿತ್ತು. ಇವರಿಗೆ ಶರೀರ ರಚನೆ, ಉಸಿರು, ರಕ್ತ ಸಂಚಾರ, ಹೆರಿಗೆ, ವಾಹನ ಚಾಲನೆ ಎಲ್ಲ ಸೇರಿ ಸುಮಾರು 300 ಗಂಟೆಗಳ ಪಾಠ. ಆಪರೇಷನ್ ಕೋಣೆಯಲ್ಲಿ, ತುರ್ತು ವಿಭಾಗದಲ್ಲಿ ನಿಂತು ಕೈಪಳಗಿಸುವ ಕೆಲಸ. 1968ರಲ್ಲಿ ಅವರ ವಾಹನಗಳು ರಸ್ತೆಗಿಳಿದವು. ಮೊದಲ ವರ್ಷವೇ ಸುಮಾರು 5,800 ಕರೆಗಳಿಗೆ ಓಗೊಟ್ಟರು. ತಮ್ಮ ಬಡ ಕೇರಿಗೆ ಸಿಕ್ಕ ಆರೈಕೆ ಊರಿನ ಸಿರಿವಂತರ ಬಡಾವಣೆಗಳಿಗೆ ಇರಲಿಲ್ಲ. ಅಲ್ಲಿಗೆ ಇನ್ನೂ ಪೊಲೀಸ್ ವ್ಯಾನೇ ಹೋಗುತ್ತಿತ್ತು.

1974ರಲ್ಲಿ ನ್ಯಾನ್ಸಿ ಕ್ಯಾರೊಲಿನ್ ಎಂಬ ತರುಣ ವೈದ್ಯೆ ಇವರ ಮುಖ್ಯಸ್ಥರಾಗಿ ಬಂದರು. ಇವರ ಜೊತೆ ವಾಹನದಲ್ಲೇ ಹೋಗಿ, ಬೀದಿಯಲ್ಲಿ ನಿಂತು ಕಲಿಸಿದವರು. ದೇಶಕ್ಕೆಲ್ಲ ಒಂದೇ ಪ್ಯಾರಾಮೆಡಿಕ್ ಪಠ್ಯಕ್ರಮ ಬೇಕೆಂದು ಅಮೆರಿಕದ ಸಾರಿಗೆ ಇಲಾಖೆ ಹೊರಟಾಗ ಆ ಕೆಲಸ ಈಕೆಯ ಪಾಲಿಗೆ ಬಂತು. ಫ್ರೀಡಂ ಹೌಸಿನವರ ಕೈಯಲ್ಲಿ ಒರೆಗೆ ಹಚ್ಚಿದ ಪಾಠವೇ ದೇಶದ ಪಾಠವಾಯಿತು. ಆಕೆ ಬರೆದ ಪಠ್ಯಪುಸ್ತಕ ಎಷ್ಟೋ ದೇಶಗಳಲ್ಲಿ ಪ್ಯಾರಾಮೆಡಿಕ್‌ಗಳ ಕೈಪಿಡಿಯಾಗಿದೆ.

ಇನ್ನು ಕಥೆಯ ಕಹಿ ಭಾಗ. ಸೇವೆ ಒಳ್ಳೆಯದೆಂದು ರುಜುವಾತಾದ ಮೇಲೆ ಅದು ಎಲ್ಲರಿಗೂ ಬೇಕಾಯಿತು. ನಗರಸಭೆ ತನ್ನದೇ ಆಂಬುಲೆನ್ಸ್ ಸೇವೆ ತೆರೆದು 1975ರ ಅಕ್ಟೋಬರಿನಲ್ಲಿ ಫ್ರೀಡಂ ಹೌಸನ್ನು ಮುಚ್ಚಿಸಿತು. ಹೊಸ ಸೇವೆಯ ಹುದ್ದೆಗಳು ಬಹುಪಾಲು ಬಿಳಿಯರಿಗೆ ಹೋದವು. ವರ್ಷಗಟ್ಟಲೆ ಜೀವ ಉಳಿಸಿದವರನ್ನು ಹೊಸ ಪರೀಕ್ಷೆಗಳಿಗೆ ಕೂರಿಸಿದರು, ಹಳೆಯ ಕೇಸು ತೋರಿಸಿ ಕೆಲವರನ್ನು ತೆಗೆದರು, ಉಳಿದವರಿಗೆ ತಮಗಿಂತ ಕಡಿಮೆ ಬಲ್ಲವರ ಕೈಕೆಳಗೆ ಸಾಮಾನು ಹೊರುವ ಕೆಲಸ ಕೊಟ್ಟರು. ಹೆಚ್ಚಿನವರು ಮನನೊಂದು ಬಿಟ್ಟುಹೋದರು. ಬಿಡದೆ ನಿಂತವರಲ್ಲಿ ಜಾನ್ ಮೂನ್ ಎಂಬವರೊಬ್ಬರು. ಆಸ್ಪತ್ರೆಯಲ್ಲಿ ರೋಗಿಗಳ ಗಾಡಿ ತಳ್ಳುವ ಕೆಲಸದಲ್ಲಿದ್ದವರು ಫ್ರೀಡಂ ಹೌಸಿನವರ ನಡೆನುಡಿ ಕಂಡು ತಾನೂ ಅಂಥವನಾಗಬೇಕೆಂದು ಸೇರಿದವರು. ಕಡೆಗೆ ಅದೇ ನಗರದ ಸೇವೆಯಲ್ಲಿ ಸಹಾಯಕ ಮುಖ್ಯಸ್ಥರಾಗಿ 2009ರಲ್ಲಿ ನಿವೃತ್ತರಾದರು.

ಬಡವನು ಕಟ್ಟಿದ ಮನೆಗೆ ಉಳ್ಳವನು ಬೀಗ ಹಾಕುವುದು ನಮ್ಮವರಿಗೆ ಹೊಸ ಸಂಗತಿಯಲ್ಲ. ನಾವು ಇಲ್ಲಿ ಒತ್ತಿ ಹೇಳುವುದು ಬೇರೆ. ಆ 300 ಗಂಟೆಗಳ ಪಾಠ ಕಲಿತವರು ಕಾಲೇಜು ಮೆಟ್ಟಿಲು ಹತ್ತಿದವರಲ್ಲ. ಅದನ್ನು ಕಲಿಯುವ ಶಕ್ತಿ ಕೇರಿಯ ಹುಡುಗರಿಗಿತ್ತು, ಲೈನಿನ ಹುಡುಗರಿಗೂ ಇದೆ.

ಈಗ ನಮ್ಮ ದೇಶಕ್ಕೆ ಬರೋಣ. 2005ರ ಆಗಸ್ಟಿನಲ್ಲಿ ಹೈದರಾಬಾದಿನಲ್ಲಿ 108 ಎಂಬ ಸಂಖ್ಯೆಯ ಸೇವೆ ಶುರುವಾಯಿತು. 2008ರಲ್ಲಿ ತಮಿಳುನಾಡು, ಗೋವಾ, ಕರ್ನಾಟಕಗಳಿಗೆ ಬಂತು, ಮಹಾರಾಷ್ಟ್ರಕ್ಕೆ 2014ರಲ್ಲಿ, ಕೇರಳದಲ್ಲಿ ಕೆಲವು ಜಿಲ್ಲೆಗಳಲ್ಲಿ ಮೊದಲೇ ಇದ್ದದ್ದು 2019ರಲ್ಲಿ ರಾಜ್ಯಕ್ಕೆಲ್ಲ ಹರಡಿತು. ನಮ್ಮ ಬಳಗದವರು ಯಾವ ಗಡಿಯಲ್ಲಿದ್ದರೂ ಒತ್ತುವ ಸಂಖ್ಯೆ ಒಂದೇ. ಇದು ಸಣ್ಣ ವಿಷಯವಲ್ಲ. ಈ ವಾಹನಗಳಲ್ಲಿ ಹೆತ್ತ ತಾಯಂದಿರು ನಮ್ಮ ಓದುಗರಲ್ಲಿಯೂ ಇದ್ದಾರು.

ಆದರೆ 108 ಎಂದು ಬರೆದ ಎಲ್ಲ ವಾಹನಗಳೂ ಒಂದೇ ಅಲ್ಲ. ಬಿ.ಎಲ್.ಎಸ್. ಎಂಬುದು ಮೊದಲ ಮೆಟ್ಟಿಲಿನ ಆರೈಕೆಯ ವಾಹನ. ಎ.ಎಲ್.ಎಸ್. ಎಂಬುದು ಉಸಿರಾಟದ ಯಂತ್ರ, ಡಿಫಿಬ್ರಿಲೇಟರ್, ಹೆಚ್ಚಿನ ಔಷಧಗಳುಳ್ಳ ಮೇಲಿನ ಮೆಟ್ಟಿಲಿನದು. ಮೊದಲನೆಯವೇ ಹೆಚ್ಚು, ಎರಡನೆಯವು ಕಡಿಮೆ. ಒಳಗಿರುವವರೂ ರಾಜ್ಯಕ್ಕೊಂದು ಬಗೆ: ಮಹಾರಾಷ್ಟ್ರದಲ್ಲಿ ಡಾಕ್ಟರರನ್ನೇ ಕೂರಿಸುವ ಏರ್ಪಾಡು, ಕೇರಳದಲ್ಲಿ ಬಹುಮಟ್ಟಿಗೆ ನರ್ಸಿಂಗ್ ಕಲಿತವರು, ಉಳಿದೆಡೆ ಇ.ಎಂ.ಟಿ. ಎಂದು ಕರೆಯುವ ತರಬೇತಿ ಪಡೆದವರು. ಬಹಳ ಕಾಲ ಈ ಕೆಲಸಗಾರರಿಗೆ ಕಾನೂನಿನಲ್ಲಿ ಸರಿಯಾದ ಹೆಸರೇ ಇರಲಿಲ್ಲ. 2021ರಲ್ಲಿ ಪಾರ್ಲಿಮೆಂಟು ಒಪ್ಪಿದ ಸಹವರ್ತಿ ಆರೋಗ್ಯ ವೃತ್ತಿಗಳ ಕಾಯ್ದೆಯ ಪಟ್ಟಿಯಲ್ಲಿ ಉನ್ನತ ಆರೈಕೆಯ ಪ್ಯಾರಾಮೆಡಿಕ್ ಎಂಬ ವೃತ್ತಿಗೆ ಸ್ಥಾನ ಸಿಕ್ಕಿದೆ. ಹೆಸರು ಸಿಕ್ಕಿದೆ, ಹನ್ನೆರಡು ಗಂಟೆಗಳ ಪಾಳಿ, ತಡವಾಗಿ ಬರುವ ಸಂಬಳ, ಗುತ್ತಿಗೆಯ ನೌಕರಿ ಇವುಗಳ ವಿರುದ್ಧ ರಾಜ್ಯದಿಂದ ರಾಜ್ಯಕ್ಕೆ 108ರ ನೌಕರರು ಮತ್ತೆ ಮತ್ತೆ ಮುಷ್ಕರ ಹೂಡಬೇಕಾಗಿ ಬಂದಿದೆ. ಅವರು ಮುಷ್ಕರ ಹೂಡಿದಾಗ ರೋಗಿಗಳನ್ನು ಕೈಬಿಟ್ಟರೆಂದು ಬೈಯುವವರ ಸಾಲಿನಲ್ಲಿ ನಾವು ನಿಲ್ಲಲಾರೆವು. ಕೂಲಿ ಮಾಡುವವನ ಕಷ್ಟ ಕೂಲಿಯವರಿಗೆ ತಿಳಿಯದಿದ್ದರೆ ಇನ್ನಾರಿಗೆ ತಿಳಿದೀತು?

ದೊಡ್ಡ ಯಂತ್ರವಿದ್ದರೆ ಸಾಕು, ಎಲ್ಲರೂ ಬದುಕುತ್ತಾರೆಂದು ನಾವು ಹೇಳುತ್ತಿಲ್ಲ. ಕೆನಡದ ಒಂಟಾರಿಯೋ ಪ್ರಾಂತ್ಯದ 17 ಊರುಗಳಲ್ಲಿ ಇದನ್ನು ತೂಗಿ ನೋಡಿದ್ದಾರೆ. ಹೃದಯ ನಿಂತ 5,638 ರೋಗಿಗಳ ಲೆಕ್ಕ 2004ರಲ್ಲಿ ಪ್ರಕಟವಾಯಿತು. ಬೇಗನೆ ವಿದ್ಯುತ್ ಪೆಟ್ಟು ಕೊಡುವ ಏರ್ಪಾಡು ಮೊದಲೇ ಇದ್ದ ಕಡೆ, ಅದರ ಮೇಲೆ ನಳಿಕೆ, ನರದ ಔಷಧ ಸೇರಿಸಿದ್ದರಿಂದ ಬದುಕಿದವರ ಪ್ರಮಾಣ ನೂರಕ್ಕೆ 5.0ರಿಂದ 5.1 ಆಯಿತು, ಅಷ್ಟೆ. ಪಕ್ಕದಲ್ಲಿದ್ದವರು ಎದೆ ಒತ್ತಿದ್ದು, ಬೇಗ ಪೆಟ್ಟು ಕೊಟ್ಟದ್ದು, ಇವೇ ಜೀವ ಉಳಿಸಿದವು. ಉಸಿರಾಟದ ತೊಂದರೆಯವರಲ್ಲಿ ಮಾತ್ರ ಫಲ ಕಂಡಿತು: 2007ರಲ್ಲಿ ಪ್ರಕಟವಾದ ಲೆಕ್ಕದಂತೆ ಸಾವು ನೂರಕ್ಕೆ 14.3ರಿಂದ 12.4ಕ್ಕೆ ಇಳಿಯಿತು. ಅದು ಪಟ್ಟಣಗಳ ಲೆಕ್ಕ, ಆಸ್ಪತ್ರೆ ಹತ್ತಿರವಿದ್ದವರ ಲೆಕ್ಕ. ಘಾಟಿಯಲ್ಲಿ ಎರಡು ಗಂಟೆ ಉರುಳುವ ವಾಹನದೊಳಗೆ ಮೇಲಿನ ಮೆಟ್ಟಿಲಿನ ಕೈ ಇನ್ನೂ ಹೆಚ್ಚು ಬೇಕೆಂಬುದು ನಮ್ಮ ಅಭಿಪ್ರಾಯ. ಆದರೆ ಮೊದಲ ಹತ್ತು ನಿಮಿಷ ಲೈನಿನವರ ಕೈಯಲ್ಲೇ ಇದೆ ಎಂಬ ಮಾತು ಕೆನಡಕ್ಕೂ ನಮಗೂ ಒಂದೇ.

ವಯನಾಡಿನ ಮುಂಡಕೈ, ಚೂರಲ್‌ಮಲೆಗಳಲ್ಲಿ 2024ರ ಜುಲೈ 30ರ ನಸುಕಿನಲ್ಲಿ ಗುಡ್ಡ ಕುಸಿದು ತೋಟದ ಪಾಡಿಗಳು ಕೊಚ್ಚಿಹೋದದ್ದನ್ನು ಮರೆತವರಿಲ್ಲ. ಸೇತುವೆ ಹೋಗಿತ್ತು, ಆಚೆ ದಡದಲ್ಲಿ ಗಾಯಾಳುಗಳು, ಈಚೆ ದಡದಲ್ಲಿ ವಾಹನಗಳು. ಆಗ ನಮ್ಮ ಗೂಡಲೂರಿನ ನರ್ಸ್ ಎ. ಸಬೀನಾ ಎಂಬ ತಾಯಿ ಔಷಧದ ಪೆಟ್ಟಿಗೆ ಹಿಡಿದು, ಉಕ್ಕಿ ಹರಿಯುವ ಹೊಳೆಯ ಮೇಲೆ ಕಟ್ಟಿದ ಹಗ್ಗದಲ್ಲಿ ತೂಗಿಕೊಂಡು ಆಚೆಗೆ ಹೋಗಿ ಗಾಯಾಳುಗಳನ್ನು ಉಪಚರಿಸಿದರು. ತಮಿಳುನಾಡು ಸರ್ಕಾರ ಆ ವರ್ಷದ ಸ್ವಾತಂತ್ರ್ಯ ದಿನದಂದು ಕಲ್ಪನಾ ಚಾವ್ಲಾ ಪ್ರಶಸ್ತಿ ಕೊಟ್ಟು ಅವರನ್ನು ಗೌರವಿಸಿತು. ಆಸ್ಪತ್ರೆಗೆ ಮುಂಚಿನ ಆರೈಕೆ ಎಂದರೆ ಏನೆಂದು ಯಾರಾದರೂ ಕೇಳಿದರೆ ಈ ತಾಯಿಯನ್ನು ತೋರಿಸಬಹುದು.

ಗಡಿಯವರ ಪಾಡು ಇನ್ನೊಂದಿದೆ. 2020ರ ಮಾರ್ಚ್ ಕೊನೆಯಲ್ಲಿ ಕೋವಿಡಿನ ಹೆಸರಿನಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ, ಎಂದಿನಿಂದಲೂ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ಆಂಬುಲೆನ್ಸಿನಲ್ಲಿದ್ದುಕೊಂಡೇ ತಡೆಯಲ್ಪಟ್ಟರು, ಹಲವರು ತೀರಿಕೊಂಡರು. ಏಪ್ರಿಲ್ 1ರಂದು ಕೇರಳ ಹೈಕೋರ್ಟು ತಡೆ ತೆಗೆಸಬೇಕೆಂದು ಕೇಂದ್ರ ಸರ್ಕಾರಕ್ಕೆ ಹೇಳಿತು. ವಿಷಯ ಸುಪ್ರೀಂ ಕೋರ್ಟಿಗೂ ಹೋಗಿ, ತುರ್ತು ರೋಗಿಗಳನ್ನು ಬಿಡುವ ಕ್ರಮಕ್ಕೆ ಎರಡೂ ರಾಜ್ಯಗಳು ಒಪ್ಪಿದ್ದು ಏಪ್ರಿಲ್ 7ರ ಹೊತ್ತಿಗೆ. ಎಂಥ ಒಳ್ಳೆಯ ಪ್ಯಾರಾಮೆಡಿಕ್ ಒಳಗಿದ್ದರೂ ಮಣ್ಣಿನ ಗುಡ್ಡೆಯ ಮುಂದೆ ನಿಂತ ವಾಹನ ಏನು ಮಾಡೀತು? ತುರ್ತು ರೋಗಿಗೆ ಹತ್ತಿರದ ಆಸ್ಪತ್ರೆ ಯಾವ ರಾಜ್ಯದಲ್ಲಿದ್ದರೂ ಅಲ್ಲಿಗೆ ದಾರಿ ಬಿಡತಕ್ಕದ್ದೆಂದು ನೆರೆಯ ರಾಜ್ಯಗಳು ಮುಂದಾಗಿಯೇ ಬರೆದು ಒಪ್ಪಂದ ಮಾಡಿಕೊಳ್ಳಬೇಕು. ಕಷ್ಟ ಬಂದ ಮೇಲೆ ಕೋರ್ಟಿಗೆ ಹೋಗುವ ಸಮಯ ಹೃದಯ ನಿಂತವನಿಗಿಲ್ಲ.

ಬಿದ್ದವನನ್ನು ಮುಟ್ಟಿದರೆ ಪೊಲೀಸ್ ಕೇಸಾದೀತೆಂಬ ಭಯ ನಮ್ಮಲ್ಲಿ ಇನ್ನೂ ಇದೆ. ಸುಪ್ರೀಂ ಕೋರ್ಟು 2016ರ ಮಾರ್ಚಿನಲ್ಲಿ, ಆಮೇಲೆ 2019ರಲ್ಲಿ ತಿದ್ದಿದ ಮೋಟಾರು ವಾಹನ ಕಾಯ್ದೆಯ 134ಎ ಸೆಕ್ಷನ್ನು, ರಸ್ತೆ ಅಪಘಾತದಲ್ಲಿ ಒಳ್ಳೆಯ ಮನಸ್ಸಿನಿಂದ ಸಹಾಯ ಮಾಡಿದವರನ್ನು ಕಾಪಾಡಿವೆ. ಹೆಸರು ಹೇಳೆಂದು ಅವರನ್ನು ಬಲವಂತ ಮಾಡುವಂತಿಲ್ಲ. ಕಾನೂನು ಅವರನ್ನು ಕರೆದಿರುವುದು ಒಳ್ಳೇ ಸಮಾರ್ಯದವನೆಂದೇ. ಲೂಕನ ಸುವಾರ್ತೆಯ ಆ ಸಾಮ್ಯವನ್ನು ಬಲ್ಲ ನಮ್ಮವರು ಒಂದು ಸಣ್ಣ ವಿವರ ಗಮನಿಸಬೇಕು. ಆ ಪ್ರಯಾಣಿಕನು ಗಾಯಗಳಿಗೆ ಎಣ್ಣೆಯನ್ನೂ ದ್ರಾಕ್ಷಾರಸವನ್ನೂ ಹಾಕಿ ಕಟ್ಟಿದ್ದು ದಾರಿಯ ಮೇಲೆಯೇ. ವಾಹನದ ಮೇಲೆ ಕೂರಿಸಿದ್ದು, ಛತ್ರಕ್ಕೆ ಒಯ್ದದ್ದು ಅದಾದ ಮೇಲೆ.

ಹಾಗಾದರೆ ನಾವು ಕೇಳಬೇಕಾದ್ದೇನು? ಸಂಘದವರು ಮುಂದಿನ ಸಲ ಮ್ಯಾನೇಜರರ ಮುಂದೆ ಅಥವಾ ಜಿಲ್ಲಾಧಿಕಾರಿಗಳ ಮುಂದೆ ಕುಳಿತಾಗ ಬರಿಯ ಆಂಬುಲೆನ್ಸ್ ಬೇಕೆನ್ನಬೇಡಿರಿ. ನಮ್ಮ ಘಾಟಿಯ ಮೇಲ್ಭಾಗದಲ್ಲಿ ರಾತ್ರಿ ನಿಲ್ಲುವ ಎ.ಎಲ್.ಎಸ್. ವಾಹನ ಯಾವುದು, ಅದರಲ್ಲಿ ಇಂದು ರಾತ್ರಿ ಪಾಳಿಯಲ್ಲಿರುವವರು ಏನು ಕಲಿತಿದ್ದಾರೆ ಎಂದು ಕೇಳಿರಿ. ಪ್ರತಿ ಡಿವಿಜನಿನಲ್ಲಿ ಇಬ್ಬರು ಗಂಡಸರಿಗೆ, ಇಬ್ಬರು ಹೆಂಗಸರಿಗೆ ಸಂಬಳದ ದಿನದಲ್ಲೇ ಪ್ರಥಮ ಚಿಕಿತ್ಸೆಯ ತರಬೇತಿ ಕೊಡಿಸಿರೆಂದು ಬರೆಸಿಕೊಳ್ಳಿರಿ. ಭಾನುವಾರದ ರಜೆ ಕಳೆದು ಕೊಡುವ ತರಬೇತಿ ಬೇಡ. ಕಂಬಳಿಯ ಜೋಲಿಯ ಬದಲು ಗಟ್ಟಿ ಹಲಗೆಯೊಂದು, ಪಟ್ಟಿಗಳೊಡನೆ, ಮಸ್ಟರ್ ಆಫೀಸಿನಲ್ಲಿ ಇರಲಿ. ಹನ್ನೆರಡನೆಯ ತರಗತಿಯಲ್ಲಿ ವಿಜ್ಞಾನ ಓದಿದ ಮಕ್ಕಳು ಮನೆಯಲ್ಲಿದ್ದರೆ, ಡಾಕ್ಟರಾಗಲು ದುಡ್ಡಿಲ್ಲವೆಂದು ತಿರುಪ್ಪೂರಿನ ಬನಿಯನ್ ಕಂಪನಿಗೆ ಕಳಿಸುವ ಮೊದಲು, ಪ್ಯಾರಾಮೆಡಿಕ್ ವಿದ್ಯೆಯ ಡಿಪ್ಲೊಮಾ, ಡಿಗ್ರಿಗಳು ಎಲ್ಲಿವೆ, ವಿದ್ಯಾರ್ಥಿವೇತನ ಏನಿದೆ ಎಂದು ವಿಚಾರಿಸಿರಿ. ಸೇರುವ ಮೊದಲು ಆ ಕಾಲೇಜಿಗೆ ಮಾನ್ಯತೆ ಇದೆಯೇ ಎಂದು ನೋಡಿರಿ. ಗೋಡೆ ತುಂಬ ಬೋರ್ಡು ಬರೆಸಿ ದುಡ್ಡು ಕೀಳುವವರೂ ಈ ದಾರಿಯಲ್ಲಿ ಕುಳಿತಿದ್ದಾರೆ.

ವಾಹನ ಬರುವವರೆಗೆ ಮಾಡಬೇಕಾದ ನಾಲ್ಕು ಮಾತು. ಉಸಿರಿಲ್ಲದೆ, ಕರೆದರೆ ಓಗೊಡದೆ ಬಿದ್ದವರ ಎದೆಯ ನಡುವೆ ಎರಡು ಕೈಗಳನ್ನಿಟ್ಟು ಎರಡು ಅಂಗುಲ ಇಳಿಯುವಂತೆ, ನಿಮಿಷಕ್ಕೆ ನೂರರಿಂದ ನೂರಿಪ್ಪತ್ತು ಸಲ ಒತ್ತುತ್ತಲೇ ಇರಬೇಕು. ಒಬ್ಬರು ದಣಿದರೆ ಇನ್ನೊಬ್ಬರು. ಹಾವು ಕಚ್ಚಿದಲ್ಲಿ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಹೀರುವುದು ಬೇಡ. ಕಚ್ಚಿಸಿಕೊಂಡವರನ್ನು ನಡೆಸದೆ, ಆ ಅಂಗ ಅಲುಗದಂತೆ ಮಲಗಿಸಿ. ರಕ್ತ ಹರಿಯುವಲ್ಲಿ ಶುದ್ಧ ಬಟ್ಟೆಯಿಟ್ಟು ಕೈಯಿಂದ ಒತ್ತಿ ಹಿಡಿಯಿರಿ, ಮತ್ತೆ ಮತ್ತೆ ತೆಗೆದು ನೋಡಬೇಡಿರಿ. ಮೇಲಿನಿಂದ ಬಿದ್ದವರನ್ನು ಕೂರಿಸಬೇಡಿರಿ, ನೀರು ಕುಡಿಸಬೇಡಿರಿ; ತಲೆಯನ್ನೂ ಕುತ್ತಿಗೆಯನ್ನೂ ಒಂದೇ ನೇರದಲ್ಲಿ ಹಿಡಿದಿರಿ.

108ಕ್ಕೆ ಫೋನು ಮಾಡುವವರು ಅಳುತ್ತ ವಿಷಯ ಹೇಳುವ ಮೊದಲು ರಾಜ್ಯ, ಜಿಲ್ಲೆ, ತಾಲೂಕು ಹೇಳಿರಿ. ಗಡಿಯಲ್ಲಿ ಮೊಬೈಲು ಗೋಪುರ ಆಚೆಯದಾದರೆ ಕರೆ ನೆರೆಯ ರಾಜ್ಯದ ಕೇಂದ್ರಕ್ಕೆ ಹೋಗಿರಬಹುದು. ಆಮೇಲೆ ತೋಟದ ಹೆಸರು, ಡಿವಿಜನ್, ಫೀಲ್ಡ್ ನಂಬರು, ಹತ್ತಿರದ ಗೇಟು. ಹುಡುಗನೊಬ್ಬನನ್ನು ಟಾರ್ಚು ಕೊಟ್ಟು ಆ ಗೇಟಿಗೆ ಕಳಿಸಿರಿ, ಗೇಟಿನ ಬೀಗದ ಕೈ ಯಾರ ಹತ್ತಿರ ಇದೆಯೆಂದು ಇವತ್ತೇ ಕೇಳಿಟ್ಟುಕೊಳ್ಳಿರಿ.